ಭಂಗಾರ್ ಅಂಗಡಿಯ ಬಂಗಾರ

ಕಲಬುರಗಿಯಿಂದ ನಾಗಪುರಕ್ಕೆ ಬಂದು ನೆಲೆಸಿದವರಿಗೆ ಮೊದಲ ವಾರದಲ್ಲೇ ಒಂದು ಗೊಂದಲ ಎದುರಾಗುತ್ತದೆ. ಇಲ್ಲಿ ಬೀದಿಬೀದಿಗೂ ‘ಭಂಗಾರ್’ ಕೊಳ್ಳುವವರಿದ್ದಾರೆ. ತಳ್ಳುಗಾಡಿ ತಳ್ಳಿಕೊಂಡು, ಹರಿದ ಬನಿಯನ್ ಹಾಕಿಕೊಂಡು ಬರುವ ಮನುಷ್ಯ ಬಂಗಾರವನ್ನು ಹೇಗೆ ಕೊಳ್ಳುತ್ತಾನೆ ಎಂದು ನನ್ನ ಅವ್ವ ಮೊದಲ ಸಲ ಬಂದಾಗ ಕೇಳಿದ್ದಳು. ಮರಾಠಿಯ ಭಂಗಾರ್ ಎಂದರೆ ನಮ್ಮ ಗುಜರಿ. ಒಂದು ಮಹಾಪ್ರಾಣದಲ್ಲಿ ಚಿನ್ನ ಕಸವಾಗುತ್ತದೆ. ಕಳೆದ ಬೇಸಿಗೆಯಲ್ಲಿ ಈ ಎರಡರ ನಡುವಿನ ಅಂತರ ಎಷ್ಟೆಂದು ರೂಪಾಯಿ ಪೈಸೆಯಲ್ಲಿ ಲೆಕ್ಕ ಹಾಕುವ ಪ್ರಸಂಗ ನನಗೆ ಬಂತು. ಅದಕ್ಕೆ ಕಾರಣ ನನ್ನ ಕಾರು.

ನನ್ನದು 2012ರ ಸ್ಕೋಡಾ ಲಾರಾ ಆರ್‌ಎಸ್. ಇದನ್ನು ಸ್ಪೋರ್ಟ್ಸ್ ಕಾರು ಎಂದರೆ ಮಡಿವಂತರು ನಗಬಹುದು: ನಾಲ್ಕು ಬಾಗಿಲು, ಐದು ಸೀಟು, ಎರಡು ದೊಡ್ಡ ಸೂಟ್‌ಕೇಸು ನುಂಗುವ ಡಿಕ್ಕಿ. ಆದರೆ 1.8 ಲೀಟರ್ ಟರ್ಬೊ ಇಂಜಿನ್, 160 ಅಶ್ವಶಕ್ತಿ, ಆರು ಗೇರು. ಯುರೋಪಿನಲ್ಲಿ ಇದೇ ಗಾಡಿಗೆ 2 ಲೀಟರಿನ, 200 ಅಶ್ವಶಕ್ತಿಯ ಇಂಜಿನ್ ಇತ್ತು, ನಮಗೆ ಸ್ವಲ್ಪ ಕಡಿಮೆ ಖಾರದ್ದು ಬಂತು. ಹೊರಗೆ ಇದರ ಹೆಸರು ಆಕ್ಟೇವಿಯಾ. ಭಾರತದಲ್ಲಿ ಹಳೆಯ ಆಕ್ಟೇವಿಯಾ ಇನ್ನೂ ಮಾರಾಟವಾಗುತ್ತಿದ್ದಾಗಲೇ ಹೊಸದು ಬಂದದ್ದರಿಂದ ಲಾರಾ ಎಂದು ನಾಮಕರಣ ಮಾಡಿದರು. ನಾನು ಇದನ್ನು ಮೊದಲನೇ ಮಾಲೀಕರಿಂದ ಏಳು ವರ್ಷ ಹಳೆಯದಾಗಿದ್ದಾಗ ಕೊಂಡೆ. ಬಸ್ ಡಿಪೋದ ಮೆಕ್ಯಾನಿಕ್ಕನ ಮಗನಿಗೆ ಹೊಸ ಸ್ಪೋರ್ಟ್ಸ್ ಕಾರು ಆಗ ಎಟುಕುತ್ತಿರಲಿಲ್ಲ. ಹಳೆಯದು ಎಟುಕಿತು. ಅಷ್ಟೇ ಕಥೆ.

ಮೇ ತಿಂಗಳ ಒಂದು ಸಂಜೆ ವರ್ಧಾ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಬಲಗಡೆಯಿಂದ ಒಂದು ಪಿಕಪ್ ವ್ಯಾನ್ ಬಂದು ಹಿಂಬದಿಗೆ ಗುದ್ದಿತು. ಗಾಡಿ ಪಕ್ಕಕ್ಕೆ ಜಾರಿ ಹಿಂದಿನ ಎಡ ಚಕ್ರ ಫುಟ್‌ಪಾತಿನ ಕಲ್ಲಿಗೆ ಬಡಿಯಿತು. ಒಳಗೆ ನಾನೊಬ್ಬನೇ ಇದ್ದೆ, ಏನೂ ಆಗಲಿಲ್ಲ. ವ್ಯಾನಿನ ಹುಡುಗ ಬಾಡಿಗೆ ಚಾಲಕ, ಕೈಮುಗಿದು ನಿಂತ. ಹೊರಗಿನಿಂದ ನೋಡಿದರೆ ಒಂದು ನೆಗ್ಗು, ಒಂದು ಒಡೆದ ಅಲಾಯ್ ವ್ಹೀಲು. ಇಷ್ಟೇ ಅಲ್ಲ ಎಂದು ಗೊತ್ತಾದದ್ದು ಮರುದಿನ, ಸ್ಟೀರಿಂಗು ನೇರ ಹಿಡಿದರೂ ಗಾಡಿ ಏಡಿಯ ಹಾಗೆ ಓರೆಯಾಗಿ ಹೋಗತೊಡಗಿದಾಗ.

ವ್ಹೀಲ್ ಅಲೈನ್‌ಮೆಂಟ್ ಅಂಗಡಿಯವನು ಕಂಪ್ಯೂಟರಿನ ತೆರೆ ತೋರಿಸಿದ. ಮೂರು ಚಕ್ರ ಹಸಿರು, ಹಿಂದಿನ ಎಡಗಡೆಯದು ಕೆಂಪು. ಅದು ಸುಮಾರು ಒಂದು ಡಿಗ್ರಿಯಷ್ಟು ಹೊರಮುಖವಾಗಿತ್ತು. ಒಂದು ಡಿಗ್ರಿ ಎಂದರೆ ಏನು ಮಹಾ ಎನ್ನಿಸಬಹುದು. ಆ ಚಕ್ರವನ್ನು ಅದರ ಪಾಡಿಗೆ ಬಿಟ್ಟರೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ 17 ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಉಳಿದ ಮೂರು ಚಕ್ರಗಳು ಬಿಡುವುದಿಲ್ಲವಾದ್ದರಿಂದ ಅದು ಪ್ರತಿ ಕ್ಷಣವೂ ರಸ್ತೆಗೆ ಉಜ್ಜಿಕೊಳ್ಳುತ್ತದೆ. ಟೈರು ಒಳಗಡೆಯಿಂದ ಸವೆಯುತ್ತದೆ, ಮಳೆಯಲ್ಲಿ ಹಿಂಬದಿ ಜಾರುತ್ತದೆ. ನಾಗಪುರದಿಂದ ಮುಂಬೈಗೆ 701 ಕಿಲೋಮೀಟರ್ ಉದ್ದದ ಸಮೃದ್ಧಿ ಮಹಾಮಾರ್ಗ ಶುರುವಾಗುವುದು ನಮ್ಮ ಊರಿನಿಂದಲೇ. ಅಲ್ಲಿ ಕಾರುಗಳಿಗೆ 120ರ ಮಿತಿ. ನೂರಾರು ಕಿಲೋಮೀಟರ್ ನೇರ ರಸ್ತೆಯಲ್ಲಿ ಆ ವೇಗದಲ್ಲಿ ಓರೆ ನಡೆಯುವ ಗಾಡಿಯನ್ನು ಓಡಿಸುವುದು ಜೀವದ ಜೊತೆ ಆಟ.

ಅಲೈನ್‌ಮೆಂಟಿನವನು ಹೊಂದಿಸುವ ಬೋಲ್ಟನ್ನು ಕೊನೆಯವರೆಗೂ ತಿರುಗಿಸಿದ. ಕೆಂಪು ಹಸಿರಾಗಲಿಲ್ಲ. ‘ಸಾಹೇಬ, ಪೀಛೇ ಕಾ ಕ್ರಾಸ್ ಮೆಂಬರ್ ಗಯಾ’ ಎಂದ.

ಕಾರಿನ ಬಗ್ಗೆ ಆಸಕ್ತಿ ಇಲ್ಲದ ಓದುಗರಿಗೆ ಎರಡು ಮಾತು. ಲಾರಿ, ಬಸ್ಸುಗಳಿಗೆ ಕೆಳಗೆ ಉದ್ದದ ಚಾಸಿ ಇರುತ್ತದೆ, ಎಲ್ಲ ಭಾರ ಅದರ ಮೇಲೆ. ಈಗಿನ ಕಾರುಗಳಿಗೆ ಹಾಗೆ ಬೇರೆ ಚಾಸಿ ಇಲ್ಲ, ತಗಡಿನ ಮೈಯೇ ಎಲುಬು. ಆ ತಗಡಿಗೆ ಚಕ್ರದ ಏಟನ್ನು ನೇರ ಕೊಡಬಾರದೆಂದು ನಡುವೆ ಒಂದು ಗಟ್ಟಿ ಉಕ್ಕಿನ ಚೌಕಟ್ಟನ್ನು ಬೋಲ್ಟ್ ಹಾಕಿ ಕೂರಿಸುತ್ತಾರೆ. ಅದು ಸಬ್‌ಫ್ರೇಮ್. ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ಕ್ರಾಸ್ ಮೆಂಬರ್. ಚಕ್ರಗಳನ್ನು ಹಿಡಿಯುವ ತೋಳುಗಳು ಇದಕ್ಕೆ ಜೋಡಣೆಯಾಗುತ್ತವೆ. ಅಗ್ಗದ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳ ನಡುವೆ ಒಂದೇ ತಿರುಚುವ ತೊಲೆ ಇರುತ್ತದೆ. 1998ರ ಫೋರ್ಡ್ ಫೋಕಸ್, ಆಮೇಲೆ 2003ರ ಐದನೇ ಪೀಳಿಗೆಯ ಗಾಲ್ಫ್, ಸಾಮಾನ್ಯರ ಕಾರಿಗೂ ಹಿಂದೆ ಹಲವು ತೋಳುಗಳ ಸಸ್ಪೆನ್ಷನ್ ತಂದವು. ತಿರುವಿನಲ್ಲಿ ಗಾಡಿ ನೆಲಕ್ಕೆ ಅಂಟಿಕೊಂಡಂತೆ ಹೋಗುವ ಸುಖ ಇದರಿಂದ ಬಂದದ್ದು. ನನ್ನ ಲಾರಾ ಆ ಗಾಲ್ಫಿನ ಬಳಗದ್ದು. ಸುಖ ಹೆಚ್ಚಾದಷ್ಟೂ ಕೀಲುಗಳು ಹೆಚ್ಚು, ಕೀಲುಗಳು ಹೆಚ್ಚಾದಷ್ಟೂ ಖರ್ಚು ಹೆಚ್ಚು.

ನನ್ನ ಮುಂದೆ ಮೂರು ದಾರಿಗಳಿದ್ದವು.

ಮೊದಲನೆಯದು ಹೊಸ ಸಬ್‌ಫ್ರೇಮ್, ಹೊಸ ತೋಳುಗಳು, ಪುಸ್ತಕದಲ್ಲಿ ಬರೆದಂತೆ ಕೆಲಸ. ದೊಡ್ಡ ವರ್ಕ್‌ಶಾಪಿನವರು ಮರ್ಯಾದೆಯಿಂದ ಕೂರಿಸಿ, ಚಹಾ ಕೊಟ್ಟು, 96,000 ರೂಪಾಯಿಯ ಅಂದಾಜು ಕೊಟ್ಟರು. ಮೋಸವೇನಿಲ್ಲ, ಭಾಗಗಳ ಬೆಲೆಯೇ ಅಷ್ಟು. ಎರಡನೆಯದು ಒಬ್ಬ ಡೆಂಟರ್ ಹೇಳಿದ್ದು: ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ, ಸರಪಳಿ ಹಾಕಿ ಎಳೆದು ಸರಿಮಾಡಿಕೊಡುತ್ತೇನೆ, 4,000 ಕೊಡಿ. ಮೂರನೆಯದು ಭಂಗಾರ್. ಯಾವುದಾದರೂ ಲಾರಾ ಗುಜರಿಗೆ ಬಂದಿದ್ದರೆ ಅದರ ಸಬ್‌ಫ್ರೇಮ್ ಬಿಚ್ಚಿ ತಂದು ಹಾಕುವುದು.

ಡೆಂಟರಿನ ದಾರಿಯನ್ನು ಕೂಡಲೇ ಬಿಟ್ಟೆ. ಒತ್ತಿ ಮಡಚಿ ಮಾಡಿದ ಉಕ್ಕಿನ ಪೆಟ್ಟಿಗೆ ಒಮ್ಮೆ ಮಡಿಕೆ ಬಿದ್ದರೆ ಅದನ್ನು ಕೆಂಪಗೆ ಕಾಯಿಸಿ ಎಳೆದಾಗ ಆಕಾರ ಬರಬಹುದು, ಬಲ ಬರುವುದಿಲ್ಲ. ಮುಂದಿನ ಗುಂಡಿಯಲ್ಲಿ ಅದೇ ಜಾಗ ಮತ್ತೆ ಬಗ್ಗುತ್ತದೆ, ಇಲ್ಲವೇ ಬಿರಿಯುತ್ತದೆ. ಉಳಿದದ್ದು ಒಂದು ಮತ್ತು ಮೂರು.

ಮನೆಯಲ್ಲಿ ಹೆಂಡತಿಯ ಪ್ರಶ್ನೆ ಬೇರೆಯೇ ಇತ್ತು. ‘2027ಕ್ಕ ಈ ಗಾಡಿಗೆ ಹದಿನೈದು ತುಂಬತಾವ. ಆಮೇಲೆ?’ ಅವಳು ಧಾರವಾಡದವಳು, ಬ್ಯಾಂಕಿನ ಕೆಲಸದವಳು, ಲೆಕ್ಕ ತಪ್ಪುವುದಿಲ್ಲ. ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ನೋಂದಣಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಳೆ ವಾಹನಗಳನ್ನು ಗುಜರಿಗೆ ಕಳಿಸಲು ಉತ್ತೇಜನ ಕೊಡುವ ನೀತಿ 2021ರ ಆಗಸ್ಟಿನಲ್ಲಿ ಜಾರಿಗೆ ಬಂತು. ಆ ಖಾತೆಯ ಮಂತ್ರಿ ನಿತಿನ್ ಗಡ್ಕರಿಯವರು ನಮ್ಮ ನಾಗಪುರದ್ದೇ ಸಂಸದರು. ಹೀಗಾಗಿ ಇಲ್ಲಿನ ಚಹಾ ಅಂಗಡಿಗಳಲ್ಲಿ ಈ ವಿಷಯದ ಚರ್ಚೆ ಯಾವಾಗಲೂ ಬಿಸಿಬಿಸಿ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಗಾಡಿ ಒಪ್ಪಿಸಿದರೆ ಒಂದು ಪ್ರಮಾಣಪತ್ರ ಸಿಗುತ್ತದೆ, ಹೊಸ ಗಾಡಿ ಕೊಳ್ಳುವಾಗ ಅದರಿಂದ ಅನುಕೂಲವಿದೆ. ಎರಡು ವರ್ಷಕ್ಕೆ 96,000 ಸುರಿಯುವುದಕ್ಕಿಂತ ಈಗಲೇ ಒಪ್ಪಿಸಿಬಿಡಬಾರದೇಕೆ ಎಂಬುದು ಅವಳ ವಾದ. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಇಂಜಿನ್ ಚೆನ್ನಾಗಿದೆ, ಮೈ ತುಕ್ಕು ಹಿಡಿದಿಲ್ಲ, ಒಂದು ಕಬ್ಬಿಣದ ಚೌಕಟ್ಟಿಗಾಗಿ ಇಡೀ ಗಾಡಿಯನ್ನು ಕರಗಿಸಲು ಕಳಿಸುವುದು ನನಗೆ ಆಗದು, ಅಷ್ಟು ಮಾತ್ರ ಹೇಳಿದೆ.

ರಾತ್ರಿ ಕಲಬುರಗಿಗೆ ಫೋನ್ ಮಾಡಿದೆ. ಅಪ್ಪ ಸರ್ಕಾರಿ ಸಾರಿಗೆ ಡಿಪೋದಲ್ಲಿ 34 ವರ್ಷ ಬಸ್ಸುಗಳ ಕೆಳಗೆ ಮಲಗಿ ಕೆಲಸ ಮಾಡಿದವನು. ಡಿಪೋಗಳಲ್ಲಿ ಹಳೆಯ ಭಾಗ ಎಂಬುದು ಬೈಗುಳವಲ್ಲ. ಇಂಜಿನ್, ಗೇರ್‌ಬಾಕ್ಸ್ ಬಿಚ್ಚಿ ದುರಸ್ತಿಮಾಡಿ ಇನ್ನೊಂದು ಬಸ್ಸಿಗೆ ಹಾಕುತ್ತಾರೆ, ಟೈರಿಗೆ ಹೊಸ ರಬ್ಬರ್ ಕೂರಿಸಿ ಮತ್ತೆ ಓಡಿಸುತ್ತಾರೆ. ಸಾವಿರಾರು ಜನ ಅದೇ ಬಸ್ಸುಗಳಲ್ಲಿ ಕೂತು ಊರು ಮುಟ್ಟುತ್ತಾರೆ. ನಾನು ಎಲ್ಲ ವಿವರಿಸಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ.

‘ಹಿಂದಿನ ಸೀಟ್‌ನ್ಯಾಗ ಯಾರು ಕೂಡ್ತಾರಪಾ?’

‘ನಿನ್ನ ಮೊಮ್ಮಗಳು. ದೀಪಾವಳಿಗಿ ಬಂದ್ರ ನೀನು, ಅವ್ವ.’

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಕಬ್ಬಿಣ ಹಳೇದಿದ್ರ ನಡೀತದ, ನೆಟ್ಟಗಿದ್ರ ಸಾಕು. ರಬ್ಬರ್ ಹಳೇದು ನಡಿಯಂಗಿಲ್ಲ. ಬೋಲ್ಟ್ ಅಂತೂ ನಡಿಯಂಗೇ ಇಲ್ಲ. ಮತ್ತ, ಹಿಂದಿನ ಸಾಮಾನು ತೊಗೊಳ್ಳಾಂವ ಮುಂದ ಗುದ್ದಿದ ಗಾಡಿ ಹುಡುಕು.’

ಈ ಕೊನೆಯ ಮಾತು ಚಿನ್ನದಂಥದ್ದು. ಹಳೆಯ ಭಾಗ ಎಂದರೆ ಅದರ ಹಿಂದೆ ಯಾವುದೋ ಗಾಡಿಯ ಸಾವು ಇರುತ್ತದೆ. ಆ ಗಾಡಿ ಹೇಗೆ ಸತ್ತಿತು ಎಂಬುದರ ಮೇಲೆ ಭಾಗದ ಗುಣ ನಿಂತಿದೆ. ಹಿಂದಿನಿಂದ ಗುದ್ದಿಸಿಕೊಂಡ ಗಾಡಿಯ ಹಿಂದಿನ ಸಬ್‌ಫ್ರೇಮ್ ಎಷ್ಟು ಅಗ್ಗವಾದರೂ ಬೇಡ. ನೀರಿನಲ್ಲಿ ಮುಳುಗಿದ ಗಾಡಿಯದನ್ನು ಅನುಮಾನದಿಂದ ನೋಡಬೇಕು. 2023ರ ಸೆಪ್ಟೆಂಬರ್ 23ರ ಬೆಳಗಿನ ಜಾವ ಅಂಬಾಝರಿ ಕೆರೆ ಉಕ್ಕಿ ನಾಗಪುರದ ಎಷ್ಟೋ ಬಡಾವಣೆಗಳಿಗೆ ನೀರು ನುಗ್ಗಿತು. ಆಗ ನೆನೆದ ಕಾರುಗಳ ಎಲೆಕ್ಟ್ರಿಕ್ ಸಾಮಾನು ಕೊಳ್ಳಬೇಡಿ ಎಂದು ಇಲ್ಲಿನ ಮೆಕ್ಯಾನಿಕ್ಕರು ಈಗಲೂ ಹೇಳುತ್ತಾರೆ.

ಇನ್ನೊಂದು ಅನುಮಾನವೂ ಇತ್ತು, ಕಳವಿನದು. ದೆಹಲಿಯ ಮಾಯಾಪುರಿ, ಮುಂಬೈಯ ಕುರ್ಲಾ, ಚೆನ್ನೈಯ ಪುದುಪೇಟೆ, ಹಳೆ ಭಾಗಗಳ ಈ ದೊಡ್ಡ ಪೇಟೆಗಳ ಹೆಸರು ಕಾರಿನವರಿಗೆಲ್ಲ ಗೊತ್ತು. ಮೀರತ್ತಿನ ಸೋತಿಗಂಜ್ ಕೂಡ ಅಂಥದ್ದೇ ಆಗಿತ್ತು. ಕದ್ದ ವಾಹನಗಳನ್ನು ಬಿಚ್ಚುವ ಜಾಗವೆಂದು 2021ರ ಡಿಸೆಂಬರಿನಲ್ಲಿ ಪೊಲೀಸರು ಅದಕ್ಕೆ ಬೀಗ ಹಾಕಿಸಿದರು. ಇಂಜಿನ್ನಿಗೆ ನಂಬರಿದೆ, ಚಾಸಿಗೆ ನಂಬರಿದೆ. ಸಬ್‌ಫ್ರೇಮಿಗೆ ಗಾಡಿಯ ನಂಬರಿಲ್ಲ. ಅದು ಯಾರ ಗಾಡಿಯಿಂದ ಬಂತೆಂದು ಅದನ್ನೇ ನೋಡಿ ಹೇಳಲಾಗದು. ಹಾಗಾಗಿ ಬಿಚ್ಚಿ ಗೋಡೆಗೆ ಒರಗಿಸಿಟ್ಟದ್ದನ್ನು ಕೊಳ್ಳುವುದಿಲ್ಲ, ಗಾಡಿಯನ್ನೇ ನೋಡಬೇಕು, ಅದರ ಕಾಗದ ನೋಡಬೇಕು, ಬಿಲ್ ಬೇಕು ಎಂದು ಮೂರು ಷರತ್ತು ಹಾಕಿಕೊಂಡೆ. ಇಬ್ಬರು ಅಂಗಡಿಯವರು ನಕ್ಕು ಕಳಿಸಿದರು. ಮೂರನೆಯವರು ‘ಆಯಿಯೇ’ ಎಂದರು.

ಊರ ಹೊರಗೆ, ಕಾಮಠಿ ರಸ್ತೆಯ ಒಂದು ಕವಲಿನಲ್ಲಿ ತಗಡಿನ ಬೇಲಿಯ ಅಂಗಳ. ಬೆಳಗ್ಗೆ ಎಂಟಕ್ಕೇ ಕಬ್ಬಿಣ ಮುಟ್ಟಲಾಗದಷ್ಟು ಕಾದಿತ್ತು. ಮೂಲೆಯಲ್ಲಿ ಬೂದುಬಣ್ಣದ ಡೀಸೆಲ್ ಲಾರಾ. ಮುಂಭಾಗ ಡ್ಯಾಶ್‌ಬೋರ್ಡಿನವರೆಗೂ ಒಳಗೆ ಬಂದಿತ್ತು, ಏರ್‌ಬ್ಯಾಗುಗಳು ಒಣಗಿದ ತೊಗಲಿನಂತೆ ಜೋತುಬಿದ್ದಿದ್ದವು. ಹಿಂದಿನ ಬಾಗಿಲಿನಿಂದಾಚೆಗೆ ಗಾಡಿ ನಿನ್ನೆ ಶೋರೂಮಿನಿಂದ ಬಂದಂತಿತ್ತು. ಹಿಂದಿನ ಕಿಟಕಿಗೆ ಮಕ್ಕಳಿಗಾಗಿ ಅಂಟಿಸುವ ಬಿಸಿಲುಪರದೆ, ಅದರ ಮೇಲೊಂದು ಆನೆಮರಿ. ಕಾಗದ ಸರಿಯಿತ್ತು, ವಿಮೆಯವರು ಪೂರ್ತಿ ನಷ್ಟವೆಂದು ಬರೆದುಕೊಟ್ಟು ಹರಾಜಿನಲ್ಲಿ ಬಂದ ಗಾಡಿ. ಒಳಗಿದ್ದವರಿಗೆ ಏನಾಯಿತೆಂದು ಕೇಳಿದೆ. ಅಂಗಡಿಯವರು, ನಮಗೆ ಗಾಡಿ ಬರುತ್ತದೆ, ಕಥೆ ಬರುವುದಿಲ್ಲ ಸಾಹೇಬರೇ ಎಂದರು. ನಾನು ಹಿಂದಿನ ಸೀಟನ್ನು ಬಗ್ಗಿ ನೋಡಿದೆ. ಕಲೆಯೇನೂ ಇರಲಿಲ್ಲ. ಒಂದು ಬಿಸ್ಕತ್ತಿನ ಪೊಟ್ಟಣ ಇತ್ತು. ಸ್ವಲ್ಪ ಹೊತ್ತು ಚೌಕಾಸಿ ಮಾಡುವ ಮನಸ್ಸೇ ಬರಲಿಲ್ಲ.

ನನ್ನ ಜೊತೆ ಬಂದಿದ್ದ ಮೆಕ್ಯಾನಿಕ್ಕನನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ವಯಸ್ಸು ಅರವತ್ತರ ಹತ್ತಿರ, ಮಾತು ಕಡಿಮೆ. ಅವರು ಗಾಡಿಯ ಕೆಳಗೆ ಹೋಗಿ ಮೊದಲು ತಂತಿ ಬ್ರಷ್ಷಿನಿಂದ ಬೆಸುಗೆಯ ಅಂಚುಗಳನ್ನು ತಿಕ್ಕಿದರು. ಹೊಸ ಕಪ್ಪು ಬಣ್ಣ ಹೊಡೆದ ಸಬ್‌ಫ್ರೇಮನ್ನು ನಂಬಬಾರದಂತೆ, ಬಣ್ಣದ ಕೆಳಗೆ ಬೆಸುಗೆ ಅಡಗಿರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋದರು: ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಒಳಗೆ ತುಕ್ಕು ತಿಂದದ್ದು ಮಡಕೆಯಂತೆ ಬೊಸ್ ಎನ್ನುತ್ತದೆ. ಬಿಚ್ಚಿ ಕೆಳಗಿಳಿಸಿದ ಮೇಲೆ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದರು. ಎರಡೂ ಸಮ. ಬೋಲ್ಟಿನ ತೂತುಗಳು ದುಂಡಗಿವೆಯೇ, ಮೊಟ್ಟೆಯಾಕಾರಕ್ಕೆ ಎಳೆದಿವೆಯೇ ಎಂದು ಬೆರಳು ಹಾಕಿ ನೋಡಿದರು.

ಡೀಸೆಲ್ ಗಾಡಿಯ ಚೌಕಟ್ಟು ಸ್ಪೋರ್ಟ್ಸ್ ಗಾಡಿಗೆ ಹೊಂದುತ್ತದೆಯೇ? ನನ್ನ ಪಾಲಿನ ಕೆಲಸ ಅದಾಗಿತ್ತು. ಈ ಬಳಗದ ಕಾರುಗಳ ಭಾಗಗಳ ಮೇಲೆ ಅಚ್ಚೊತ್ತಿರುವ ಸಂಖ್ಯೆಗೆ ಒಂದು ವ್ಯಾಕರಣವಿದೆ. ಮೊದಲ ಮೂರು ಅಕ್ಷರ ಯಾವ ಮಾದರಿಗಾಗಿ ಮೊದಲು ಮಾಡಿದ್ದು ಎಂದು ಹೇಳುತ್ತದೆ: 1ಕೆ ಎಂದರೆ ಗಾಲ್ಫ್, 1ಜಡ್ ಎಂದರೆ ಆಕ್ಟೇವಿಯಾ. ನಡುವಿನ ಮೂರು ಅಂಕಿ ಯಾವ ಅಂಗ ಎಂದು: 1ರಿಂದ ಶುರುವಾದರೆ ಇಂಜಿನ್, 4 ಮುಂದಿನ ಆಕ್ಸಲ್, 5 ಹಿಂದಿನ ಆಕ್ಸಲ್, 8 ಮೈ, 9 ವಿದ್ಯುತ್ತು. ಕೊನೆಯ ಅಂಕಿ ಅಕ್ಷರಗಳು ಆ ಭಾಗದ ಗುರುತು ಮತ್ತು ತಿದ್ದುಪಡಿ. ನನ್ನ ಬಗ್ಗಿದ ಸಬ್‌ಫ್ರೇಮಿನ ಸಂಖ್ಯೆಯ ಫೋಟೊ ಮೊಬೈಲಿನಲ್ಲಿತ್ತು. ಎರಡನ್ನೂ ಅಕ್ಷರ ಅಕ್ಷರ ಹೋಲಿಸಿದೆ. ಒಂದೇ. ಕೆಂಪು ಬ್ಯಾಡ್ಜು, ಅಂಟುವ ಸೀಟು, ಎರಡು ಸೈಲೆನ್ಸರ್ ಬಾಯಿ, ಇವೆಲ್ಲ ನನ್ನ ಗಾಡಿಯವು. ಅಡಿಯ ಎಲುಬು ಮಾತ್ರ ಯಾರದೋ ಆಫೀಸಿಗೆ ಹೋಗಿಬರುತ್ತಿದ್ದ ಡೀಸೆಲ್ ಗಾಡಿಯದ್ದೂ ಇದೂ ಒಂದೇ. 11,000ಕ್ಕೆ ವ್ಯಾಪಾರ ಮುಗಿಯಿತು, ಬಿಲ್ ಸಮೇತ.

ಜೋಡಣೆಯ ಕೆಲಸ ಎರಡು ದಿನ ನಡೆಯಿತು. ಬಿಸಿಲಿನ ಕಾರಣ ಉಸ್ತಾದ್ ಬೆಳಗ್ಗೆ ಆರಕ್ಕೆ ಶುರುಮಾಡಿ ಹನ್ನೊಂದಕ್ಕೆ ನಿಲ್ಲಿಸುತ್ತಿದ್ದರು, ನಡುವೆ ತರ್ರಿ ಪೋಹಾ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದರು. ಬೋಲ್ಟು ಕಚ್ಚಿಕೊಳ್ಳುವ ನಟ್ಟು ಗಾಡಿಯ ಮೈಯೊಳಗೇ ಬೆಸೆದಿರುತ್ತದೆ, ಬೋಲ್ಟು ಅಲ್ಲಿ ಮುರಿದರೆ ಮೈಯನ್ನೇ ಕತ್ತರಿಸಬೇಕು. ಕರಾವಳಿಯ ಗಾಡಿಯಾಗಿದ್ದರೆ ಹೆದರುತ್ತಿದ್ದೆ, ನಾಗಪುರದ ಒಣ ಹವೆ ಲೋಹಕ್ಕೆ ಒಳ್ಳೆಯದು ಎಂದರು. ಸ್ಪ್ರಿಂಗನ್ನು ಅದುಮುಕದಿಂದ ಬಿಗಿದು ತೆಗೆದರು. ಬ್ರೇಕಿನ ಕ್ಯಾಲಿಪರನ್ನು ಪೈಪಿಗೆ ಜೋತುಬಿಡದೆ ತಂತಿಯಲ್ಲಿ ಮೇಲಕ್ಕೆ ಕಟ್ಟಿದರು. ಸೈಲೆನ್ಸರಿನ ಹಿಂಭಾಗ ಸಡಿಲಿಸಿ ಸಬ್‌ಫ್ರೇಮನ್ನು ಜಾಕಿನ ಮೇಲೆ ಮಗುವನ್ನು ಇಳಿಸುವಂತೆ ಇಳಿಸಿದರು.

ಅಪ್ಪ ಹೇಳಿದಂತೆ ಬೋಲ್ಟುಗಳೆಲ್ಲ ಹೊಸವು. ಇವುಗಳನ್ನು ಇಂತಿಷ್ಟು ಬಲಕ್ಕೆ ಬಿಗಿದು, ಆಮೇಲೆ ಕೋನ ಅಳೆದು ಇನ್ನೂ ಕಾಲು ಸುತ್ತು ತಿರುಗಿಸುತ್ತಾರೆ. ಆ ಕಾಲು ಸುತ್ತಿನಲ್ಲಿ ಬೋಲ್ಟು ಕೂದಲೆಳೆಯಷ್ಟು ಉದ್ದವಾಗಿ, ಎಳೆದ ಸ್ಪ್ರಿಂಗಿನಂತೆ ಹಿಡಿದುಕೊಳ್ಳುತ್ತದೆ. ಒಮ್ಮೆ ಹಾಗೆ ಎಳೆಸಿಕೊಂಡದ್ದನ್ನು ಮತ್ತೆ ಹಾಕಿದರೆ ಮೊದಲಿನ ಹಿಡಿತ ಬರುವ ಭರವಸೆ ಇಲ್ಲ. ತೋಳುಗಳ ರಬ್ಬರ್ ಬುಶ್ಶುಗಳೂ ಹೊಸವು. ಇಲ್ಲಿ ಉಸ್ತಾದ್ ಒಂದು ವಿಷಯದಲ್ಲಿ ಹಟ ಹಿಡಿದರು: ಗಾಡಿ ಗಾಳಿಯಲ್ಲಿ ತೂಗುತ್ತಿರುವಾಗ ಆ ಬೋಲ್ಟುಗಳನ್ನು ಬಿಗಿಯಬಾರದು. ಚಕ್ರದ ಕೆಳಗೆ ಜಾಕು ಕೊಟ್ಟು, ಗಾಡಿ ನೆಲದ ಮೇಲೆ ನಿಂತಾಗಿನ ಎತ್ತರಕ್ಕೆ ತೋಳುಗಳನ್ನು ತಂದು ಬಿಗಿಯಬೇಕು. ಇಲ್ಲದಿದ್ದರೆ ಗಾಡಿ ಕೆಳಗಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎಷ್ಟೋ ಗ್ಯಾರೇಜುಗಳಲ್ಲಿ ಅವಸರಕ್ಕೆ ಬಿಡುವ ಹೆಜ್ಜೆ ಇದು. ಇಂಥ ಕೆಲಸ ಮಾಡಿಸುವವರು ಈ ಒಂದು ಮಾತನ್ನು ನೆನಪಿಡಬೇಕು.

ಲೆಕ್ಕ ಹೀಗಾಯಿತು: ಸಬ್‌ಫ್ರೇಮ್ 11,000, ಹೊಸ ತೋಳು, ಬುಶ್ಶು, ಬೋಲ್ಟುಗಳು 17,500, ಕೂಲಿ 8,000, ಅಲೈನ್‌ಮೆಂಟ್ 1,200. ಒಟ್ಟು 37,700. ಹಳೆಯದು ಹಾಕಿಸಿದೆ ಎಂದು ಹೇಳಿಕೊಂಡರೂ ಹೆಚ್ಚಿನ ದುಡ್ಡು ಹೋದದ್ದು ಹೊಸ ಸಾಮಾನಿಗೇ. ಅಗ್ಗ ಎಂದರೆ ಎಲ್ಲದರಲ್ಲೂ ಕಡಿತ ಮಾಡುವುದಲ್ಲ, ಎಲ್ಲಿ ಕಡಿತ ಮಾಡಬಹುದು ಎಂದು ತಿಳಿದಿರುವುದು. ಬ್ರೇಕು, ಏರ್‌ಬ್ಯಾಗು, ಸೀಟ್ ಬೆಲ್ಟು, ಟೈರು ಇವುಗಳನ್ನು ಗುಜರಿಯಿಂದ ತರುವ ಯೋಚನೆಯನ್ನೇ ಮಾಡಬಾರದು. ನೆಟ್ಟಗಿರುವ ಉಕ್ಕಿಗೆ ವಯಸ್ಸಿಲ್ಲ.

ಅಲೈನ್‌ಮೆಂಟ್ ಅಂಗಡಿಯ ತೆರೆಯ ಮೇಲೆ ನಾಲ್ಕೂ ಚಕ್ರ ಹಸಿರಾದವು. ಹೊಂದಿಸುವ ಬೋಲ್ಟು ಹೆಚ್ಚುಕಡಿಮೆ ನಡುವಿನಲ್ಲೇ ನಿಂತಿತು, ಚೌಕಟ್ಟು ನೆಟ್ಟಗಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆ ಮುದ್ರಿತ ಹಾಳೆಯನ್ನು ಹೆಂಡತಿಗೆ ತೋರಿಸಿದೆ. ಅವಳು ಕೆಳಗಿನ ಬಿಲ್ಲನ್ನು ನೋಡಿ, ‘2027ರ ಮಾತು 2027ಕ್ಕ’ ಎಂದಳು. ನಮ್ಮ ಮನೆಯಲ್ಲಿ ಇದನ್ನು ಒಪ್ಪಿಗೆ ಎನ್ನುತ್ತಾರೆ.

ದೀಪಾವಳಿಗೆ ಊರಿಗೆ ಹೋದೆವು. ವರ್ಧಾ, ಯವತಮಾಳ, ನಾಂದೇಡ, ದೇಗಲೂರು ದಾಟಿ ಬೀದರ್, ಹುಮನಾಬಾದ್. ಯವತಮಾಳದಾಚೆಯ ತಿರುವುಗಳಲ್ಲಿ ಗಾಡಿ ಮೊದಲಿನಂತೆಯೇ ನೆಲ ಹಿಡಿದು ಹೋಯಿತು. ಕಿಟಕಿಗೆ ಹೊಸ ಬಿಸಿಲುಪರದೆ ಹಾಕಿಸಿಕೊಂಡಿದ್ದ ಮಗಳು ಹಿಂದೆ ನಿದ್ದೆ ಹೋಗಿದ್ದಳು. ಆ ಬೂದುಬಣ್ಣದ ಗಾಡಿಯವರೂ ಎಲ್ಲಾದರೂ ಹೀಗೇ ಹೊಸ ಗಾಡಿಯಲ್ಲಿ ಹಬ್ಬಕ್ಕೆ ಹೊರಟಿರಲಿ ಎಂದುಕೊಂಡೆ.

ಮನೆ ಮುಟ್ಟಿ ಚಹಾ ಕುಡಿಯುವ ಮೊದಲೇ ಅಪ್ಪ ಟಾರ್ಚು ಹಿಡಿದು ಬಂದ. ಎಪ್ಪತ್ತೊಂದರ ವಯಸ್ಸಿನಲ್ಲಿ ಗೋಣಿಚೀಲ ಹಾಸಿ ಗಾಡಿಯ ಹಿಂದೆ ಮಲಗಿದ. ಟಣ್, ಟಣ್ ಎಂದು ಎರಡು ಸಲ ತಟ್ಟಿದ ಸದ್ದು ಕೇಳಿಸಿತು. ಎದ್ದು ಬಂದು ಕೈ ಒರೆಸಿಕೊಳ್ಳುತ್ತಾ ಉಸ್ತಾದ್ ಯಾವ ಊರಿನವರು ಎಂದು ಕೇಳಿದ. ಆಮೇಲೆ ಅವ್ವನನ್ನು ಕರೆದು, ಶರಣಬಸವೇಶ್ವರ ಗುಡಿಗೆ ಹೋಗಿಬರೋಣ ನಡಿ ಎಂದು ಹಿಂದಿನ ಬಾಗಿಲು ತೆಗೆದು ಕೂತ.